ಹೆಣ್ಣಿನ ಕಡೆಯವರು

ನಡುವಿನ ಕುರ್ಚಿಯಲ್ಲಿ ಕುಳಿತಿರುವ ನಮ್ಮ ಕನ್ನಡ ಸಂಘದ ಅಧ್ಯಕ್ಷರಾದ ಡಾಕ್ಟರ್ ನರಸಿಂಹಮೂರ್ತಿಯವರೇ, ಇಲ್ಲಿಯ ನಗರಸಭೆಯಾದ ಕೌನ್ಸಿಲ್‌ನಿಂದ ಬಂದಿರುವ ಅತಿಥಿಗಳೇ, ನಾನು ಆಡುವುದನ್ನು ಅವರಿಗೆ ಇಂಗ್ಲಿಷಿನಲ್ಲಿ ತಿಳಿಸಲು ಪಕ್ಕದಲ್ಲಿ ನಿಂತಿರುವ ಮಾಳವಿಕಾ ಅವರೇ, ಶನಿವಾರದ ಮಧ್ಯಾಹ್ನದ ನಿದ್ದೆ ಬಿಟ್ಟು ಲಂಡನ್ನಿನ ಗ್ರೀನ್‌ಫರ್ಡಿನ ಈ ಸಭಾಂಗಣಕ್ಕೆ ಬಂದಿರುವ ಸಭಿಕ ಬಂಧುಗಳೇ,

ನನ್ನ ಹೆಸರು ನೀಲವ್ವ. ನಿವೃತ್ತಿಯಾಗುವವರೆಗೆ ಇಂಡಿ ತಾಲ್ಲೂಕಿನ ಸರಕಾರಿ ಕನ್ನಡ ಶಾಲೆಯಲ್ಲಿ ಅಕ್ಕೋರಾಗಿದ್ದವಳು. ಎದುರಿಗೆ ಜನ ಸಾಲಾಗಿ ಕೂತರೆ ನನಗೆ ಪಾಠ ಮಾಡುವ ಚಟ ಏಳುತ್ತದೆ. ಚುಟುಕಾಗಿ ಮುಗಿಸಿ ಎಂದು ಅಧ್ಯಕ್ಷರು ಹೇಳಿದ್ದಾರೆ. ಅವರು ಡಾಕ್ಟರು. ಡಾಕ್ಟರು ಹೇಳಿದ್ದನ್ನು ನಾವು ಯಾವಾಗ ಕೇಳಿದ್ದೇವೆ?

ನಮ್ಮ ಬೀದಿಯ ಜನಕ್ಕೆ ಹಸಿರು ಡಬ್ಬಿಯಲ್ಲಿ ಯಾವುದನ್ನು ಹಾಕಬೇಕು, ಯಾವುದನ್ನು ಹಾಕಬಾರದು ಎಂದು ಕಲಿಸಿದ್ದಕ್ಕಾಗಿ ಕೌನ್ಸಿಲ್ ಇವತ್ತು ನನಗೆ ಈ ಫಲಕ ಕೊಟ್ಟಿದೆ. ಮರುಬಳಕೆಯ ಬಗ್ಗೆ ಎರಡು ಮಾತು ಆಡಿ ಅಂದರು. ಆಡುತ್ತೇನೆ. ಆದರೆ ಬಾಗಿಲಿಗೆ ಹಾಕಿರುವ ಬ್ಯಾನರಿನಲ್ಲಿ ಮೂರು ವಿಷಯ ಬರೆದಿದ್ದಾರೆ: ಸಾರ್ವಜನಿಕ ಸುರಕ್ಷತೆ, ಕುಟುಂಬ ರಕ್ಷಣೆ, ಮರುಬಳಕೆ. ಒಳಗೆ ಬರುವಾಗ ಯಾರೋ ನಕ್ಕು, ಕಸಕ್ಕೂ ಕುಟುಂಬಕ್ಕೂ ಎಲ್ಲಿಯ ಸಂಬಂಧ ಎಂದು ಕೇಳಿದರು. ಎಲ್ಲ ಮನೆಗಳಲ್ಲೂ ಇರಲಿಕ್ಕಿಲ್ಲ. ನಮ್ಮ ಮನೆಯಲ್ಲಿ ಇತ್ತು.

ಯಜಮಾನರು ಪರಪ್ಪನವರು ತೀರಿಕೊಂಡ ಮೇಲೆ, ತೊಂಬತ್ತೇಳರಲ್ಲಿ ನನ್ನ ಒಬ್ಬನೇ ಮಗ ಜಗದೇವಪ್ಪ ನನ್ನನ್ನು ಇಲ್ಲಿಗೆ ಕರೆಸಿಕೊಂಡ. ಅಕ್ಸ್‌ಬ್ರಿಡ್ಜಿನಲ್ಲಿ ಅವನಿಗೆ ಆಫೀಸಿನ ಕೆಲಸ. ನಿಮ್ಮಲ್ಲಿ ಬಹಳ ಜನ ಅವನನ್ನು ಬಲ್ಲಿರಿ. ರಾಜ್ಯೋತ್ಸವಕ್ಕೆ ಇದೇ ವೇದಿಕೆಗೆ ಮೈಕು ಕಟ್ಟುತ್ತಿದ್ದವನು ಅವನು. ಕುಡಿತ ಇಲ್ಲ, ಎಲೆ ಅಡಿಕೆ ಕೂಡ ಇಲ್ಲ. ಹಿರಿಯರನ್ನು ಕಂಡರೆ ಬಗ್ಗಿ ನಮಸ್ಕರಿಸುವ ಹುಡುಗ. ನಾನೇ ಬೆಳೆಸಿದ್ದು.

ಸೊಸೆಯ ಹೆಸರು ಇಂದು. ಬೆಳಗಾವಿಯವಳು, ಬಿ.ಕಾಂ. ಓದಿದವಳು. ನಾನು ಬಂದ ಹೊಸದರಲ್ಲಿ, ಇವಳೇಕೆ ಸೆಕೆಗಾಲದಲ್ಲೂ ತುಂಬುತೋಳಿನ ರವಿಕೆ ಹಾಕುತ್ತಾಳೆ ಎಂದು ಯೋಚಿಸುತ್ತಿದ್ದೆ. ಲಂಡನ್ನಿನಲ್ಲಿ ಸೆಕೆಗಾಲವೇ ಇಲ್ಲ ಎಂದು ಅವಳು ನಗುತ್ತಿದ್ದಳು. ನಾನೂ ನಗುತ್ತಿದ್ದೆ. ಮರುವರ್ಷ ಮೊಮ್ಮಗಳು ಸಾನ್ವಿ ಹುಟ್ಟಿದಳು.

ಆ ದಿನಗಳಲ್ಲಿ ಇದೇ ಸಭಾಂಗಣದಲ್ಲಿ ಕೌನ್ಸಿಲ್‌ನವರು ಒಂದು ಸುರಕ್ಷತಾ ಶಿಬಿರ ಮಾಡಿದ್ದರು. ಕಳ್ಳರು ಬಂದರೆ ಏನು ಮಾಡಬೇಕು, ಬೆಂಕಿ ಬಿದ್ದರೆ ಏನು ಮಾಡಬೇಕು ಎಂದು ಪೊಲೀಸರೊಬ್ಬರು ಹೇಳಿದರು, ಮಾಳವಿಕಾ ಕನ್ನಡದಲ್ಲಿ ತಿಳಿಸಿದರು. ಮೈಸೂರಿನವರು, ನಯವಾದ ಮಾತು. ಫೋನಿನಲ್ಲಿ ಒಂಬತ್ತು ಮೂರು ಸಲ ಒತ್ತಿ, ಇಂಗ್ಲಿಷ್ ಬಾರದಿದ್ದರೂ ಪರವಾಗಿಲ್ಲ, ಮನೆಯ ವಿಳಾಸ ಹೇಳಿ ಸಾಕು ಅಂದರು. ಕಡೆಗೆ, ಮನೆಯೊಳಗೇ ಯಾರಾದರೂ ಯಾರನ್ನಾದರೂ ಹೊಡೆಯುತ್ತಿದ್ದರೂ ಇದೇ ನಂಬರು ಎಂದರು. ಹೆಂಗಸರೆಲ್ಲ ಚಹದ ಕಪ್ಪು ನೋಡುತ್ತ ಕೂತೆವು.

ತೊಂಬತ್ತೊಂಬತ್ತರಲ್ಲಿ ನಮ್ಮ ಬೀದಿಗೆ ಹಸಿರು ಡಬ್ಬಿಗಳು ಬಂದವು. ಅಲ್ಲಿಯವರೆಗೆ ಎಲ್ಲವೂ ಒಂದೇ ಕಪ್ಪು ಚೀಲಕ್ಕೆ ಹೋಗುತ್ತಿತ್ತು. ಇನ್ನು ಗಾಜು, ಡಬ್ಬ, ಕಾಗದ ಬೇರೆ ಇಡಬೇಕು. ಒಂದು ಭಾನುವಾರ ಇಂದು ಬಾಗಿಲ ಮುಂದೆ ನಿಂತು, ಉಪ್ಪಿನಕಾಯಿ ಬಾಟಲಿಯ ಮುಚ್ಚಳ ತೆಗೆದು ಹಾಕಬೇಕೋ ಹಾಗೇ ಹಾಕಬೇಕೋ ಎಂದು ಪಕ್ಕದ ಮನೆಯವನನ್ನು ಕೇಳಿದಳು. ಅವನು ಐರಿಷ್ ಮುದುಕ, ನನಗಿಂತ ಹಿರಿಯ. ಇಬ್ಬರೂ ಅದೇನೋ ಮಾತಿಗೆ ನಕ್ಕರು. ಮಹಡಿಯ ಕಿಟಕಿಯಿಂದ ಜಗದೇವಪ್ಪ ನೋಡಿದ.

ಒಳಗೆ ಬಂದ ಅವಳನ್ನು ಅವನು ನಡುಮನೆಯಲ್ಲಿ ಹಿಡಿದ. ನಾನು ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದೆ. ಅಲ್ಲಿಯವರೆಗೆ ಬಾಗಿಲು ಹಾಕಿಕೊಂಡು ಮಾಡುತ್ತಿದ್ದದ್ದನ್ನು ಅವತ್ತು ಬಾಗಿಲು ತೆರೆದಿಟ್ಟೇ ಮಾಡಿದ. ತಾಯಿ ಎದುರಿಗೆ ಇದ್ದಾಳೆ ಎನ್ನುವ ಅಳುಕು ಅವನಿಗೆ ಇರಲಿಲ್ಲ. ತಾಯಿ ನನ್ನವಳು ಎನ್ನುವ ಧೈರ್ಯ ಇತ್ತೆಂದು ಕಾಣುತ್ತದೆ. ಬಿಡೋ ಅಂದೆ. ಬಿಡಲಿಲ್ಲ. ನಡುವೆ ಹೋದೆ. ನನ್ನನ್ನು ಮೆಲ್ಲಗೆ ಎತ್ತಿ ಪಕ್ಕಕ್ಕೆ ಸರಿಸಿದ. ಹೌದು, ಮೆಲ್ಲಗೆ. ಅದನ್ನೂ ಹೇಳಬೇಕು. ತೊಟ್ಟಿಲ ಕೂಸು ಅಳುತ್ತಿತ್ತು. ಹಿಟ್ಟಿನ ಕೈಯಲ್ಲೇ ನಾನು ಹೋಗಿ ಫೋನು ಎತ್ತಿದೆ. ದಾರಿ ತಪ್ಪಿದರೆ ಇರಲಿ ಎಂದು ವಿಳಾಸವನ್ನು ಬಾಯಿಪಾಠ ಮಾಡಿಟ್ಟುಕೊಂಡಿದ್ದೆ. ಅದನ್ನು ಹೇಳಿದೆ. ಆಮೇಲೆ ನನಗೆ ಬರುತ್ತಿದ್ದ ಇಂಗ್ಲಿಷಿನಲ್ಲಿ, ಸನ್ ಬೀಟಿಂಗ್, ಕಮ್ ಅಂದೆ.

ಬಂದರು. ಒಬ್ಬ ಗಂಡಸು, ಒಬ್ಬ ಹೆಂಗಸು. ಜಗದೇವಪ್ಪ ಬಾಗಿಲಲ್ಲೇ ನಿಂತು ಒಳ್ಳೆಯ ಇಂಗ್ಲಿಷಿನಲ್ಲಿ ಬಹಳ ಹೊತ್ತು ಮಾತಾಡಿದ. ಅವರು ಪೂರ್ತಿ ಕೇಳಿಕೊಂಡರು. ಕೇಳಿದ ಮೇಲೆ, ಫೋನು ಮಾಡಿದವರು ಯಾರು ಎಂದು ವಿಚಾರಿಸಿದರು. ಅವನು ತಿರುಗಿ ಇಂದುವನ್ನು ನೋಡಿದ. ಆ ನೋಟ ನನಗೆ ಅರ್ಥವಾಯಿತು. ಮುಂದಿನ ಲೆಕ್ಕ ಅವಳ ಮೇಲೆ ಬೀಳುತ್ತದೆ. ನಾನು ಶಾಲೆಯ ಮಕ್ಕಳ ಹಾಗೆ ಕೈ ಎತ್ತಿದೆ.

“ಯವ್ವಾ, ನೀನಾ?” ಅಂದ.

“ಹೌದಪಾ, ನಾನ,” ಅಂದೆ.

ಅಷ್ಟೇ ಮಾತು. ಅವನನ್ನು ಕರೆದುಕೊಂಡು ಹೋದರು. ಚಪ್ಪಲಿ ಹಾಕಿಕೊಳ್ಳಲು ಬಿಟ್ಟರು.

ಕೌನ್ಸಿಲ್‌ನಲ್ಲಿ ಕುಟುಂಬ ರಕ್ಷಣೆಗೆಂದೇ ಒಂದು ವಿಭಾಗ ಇದೆ. ಅವರೇ ವಕೀಲರನ್ನು ಗೊತ್ತು ಮಾಡಿಕೊಟ್ಟರು. ಕೋರ್ಟಿನಲ್ಲಿ ನಾನು ಸಾಕ್ಷಿ ಹೇಳಬೇಕಾಯಿತು, ನನ್ನ ಮಾತನ್ನು ಇಂಗ್ಲಿಷಿಗೆ ತರಲು ಬಂದವರು ಇದೇ ಮಾಳವಿಕಾ. ನಾನು, ಅಂವಾ ಆಕಿನ್ನ ಬಡದಾನ್ರಿ ಅಂದೆ. ಅವರ ಮೈಸೂರಿಗೂ ನನ್ನ ವಿಜಾಪುರಕ್ಕೂ ಬಹಳ ದೂರ. ತಪ್ಪು ಆಗಬಾರದು ಎಂದು ಅವರು ನಿಧಾನವಾಗಿ ಕೇಳಿದರು:

“ಅಮ್ಮಾ, ಬಡಿದ ಅಂದರೆ ಹೊಡೆದ ಅಂತ ತಾನೇ? ಅಥವಾ ಬರೀ ತಳ್ಳಿದ ಅಂತಲಾ?”

ಸಭಿಕರೇ, ಅವರು ಕೇಳಿದ್ದು ಬರೀ ಶಬ್ದದ ಅರ್ಥ. ಆದರೆ ಆ ಕಡೆ ಬೆಂಚಿನ ಮೇಲೆ ಮಗ ಕೂತಿದ್ದ. ಅವನ ಅಂಗಿಯ ಕಾಲರು ಒಂದು ಕಡೆ ಮಡಚಿಕೊಂಡಿತ್ತು. ತಳ್ಳಿದ ಎಂದರೆ ಅಷ್ಟರಲ್ಲೇ ಮುಗಿಯಬಹುದಿತ್ತು. ಶಬ್ದ ಒಂದೇ, ಅರ್ಥ ಆರಿಸುವವಳು ನಾನು. ಮಕ್ಕಳಿಗೆ ಸಮಾನಾರ್ಥಕ ಪದ ಕಲಿಸಿದವಳಿಗೆ ಇಂಥ ಪರೀಕ್ಷೆ ಬರುತ್ತದೆ ಎಂದು ಯಾರು ತಿಳಿದಿದ್ದರು?

“ತಳ್ಳಿಲ್ಲವ್ವಾ. ಹೊಡದಾನ. ಕೈಲೆ ಹೊಡದಾನ, ಕಾಲಿಲೆ ಒದ್ದಾನ. ನಾ ನೋಡೀನಿ,” ಅಂದೆ.

ಮಾಳವಿಕಾ ಅದನ್ನು ಹಾಗೆಯೇ ಇಂಗ್ಲಿಷಿಗೆ ಮಾಡಿದರು. ಈಗಲೂ ಮಾಡುತ್ತಿದ್ದಾರೆ. ಸ್ವಲ್ಪ ನೀರು ಕುಡಿಯಿರಿ ತಾಯಿ, ಅವಸರವಿಲ್ಲ.

ಅವನು ಮನೆ ಬಿಟ್ಟಿರಬೇಕು ಎಂದು ಕೋರ್ಟು ಹೇಳಿತು. ಹೊರಗೆ ಅವನು ನನ್ನನ್ನು ನಿಲ್ಲಿಸಿ, ನೀನು ನನ್ನ ಜೊತೆ ಬರುತ್ತೀಯೋ ಅವಳ ಜೊತೆ ಇರುತ್ತೀಯೋ ಎಂದು ಕೇಳಿದ. ಇರುತ್ತೇನೆ ಅಂದೆ. ಯಾಕೆ ಎಂದು ನಿಮ್ಮಲ್ಲಿ ಕೆಲವರು ಆಮೇಲೆ ನನ್ನನ್ನು ಕೇಳಿದ್ದೀರಿ. ಮೊಮ್ಮಗಳ ಸಲುವಾಗಿ ಎಂದು ಹೇಳುತ್ತ ಬಂದಿದ್ದೇನೆ. ಅದು ಪೂರ್ತಿ ಉತ್ತರವಲ್ಲ. ಪೂರ್ತಿ ಉತ್ತರ ನನಗೂ ಗೊತ್ತಿಲ್ಲ. ಅವನು ಲಂಡನ್ನಿನ ಆಚೆ ತುದಿಯ ಸಟನ್‌ಗೆ ಹೋದ. ಮುಂದೆ ವಿಚ್ಛೇದನವಾಯಿತು, ಮನೆ ಇಂದುವಿಗೂ ಮಗುವಿಗೂ ಉಳಿಯಿತು.

ಈಗ ಮರುಬಳಕೆಯ ವಿಷಯ. ಪೊಲೀಸರು ಬಂದುಹೋದ ಮನೆಗೆ ಜನ ಅರಿಶಿನ ಕುಂಕುಮಕ್ಕೆ ಬರುವುದಿಲ್ಲ. ಬೇಸರಕ್ಕೆ ಹೇಳುತ್ತಿಲ್ಲ, ಆದದ್ದನ್ನು ಹೇಳುತ್ತಿದ್ದೇನೆ. ಸಂಜೆ ಮಾತಾಡಲು ಜನವಿಲ್ಲದೆ ನಾನು ಬಾಗಿಲ ಮುಂದೆ ನಿಲ್ಲುತ್ತಿದ್ದೆ. ನಿಂತರೆ ಕಣ್ಣಿಗೆ ಬೀಳುವುದು ಏನು? ಹಸಿರು ಡಬ್ಬಿಗಳು. ಒಬ್ಬರು ಅದರಲ್ಲಿ ಹಳೆಯ ಕುಕ್ಕರು ಇಟ್ಟಿದ್ದಾರೆ, ಇನ್ನೊಬ್ಬರು ಕೊತ್ತಂಬರಿ ಬಿತ್ತಿದ್ದಾರೆ. ಅಕ್ಕೋರ ಕೈ ಸುಮ್ಮನಿದ್ದೀತೆ? ಹೋಗಿ ಬಾಗಿಲು ಬಡಿದೆ. ಪಂಜಾಬಿನವರಿಗೆ ಹರಕು ಹಿಂದಿ, ಗುಜರಾತಿನವರಿಗೂ ಅದೇ ಹಿಂದಿ, ಐರಿಷ್ ಮುದುಕನಿಗೆ ಬರೀ ಕೈಸನ್ನೆ. ಬಾಟಲಿ ತೊಳೆಯಿರಿ, ಮುಚ್ಚಳ ತೆಗೆಯಿರಿ, ಕಾಗದ ನೆನೆಸಬೇಡಿ. ಬಯ್ಯಿಸಿಕೊಳ್ಳಲಿಕ್ಕಾದರೂ ಜನ ಬಾಗಿಲು ತೆಗೆಯುತ್ತಿದ್ದರು. ಚಹ ಕೊಟ್ಟರು. ಕೌನ್ಸಿಲ್‌ನವರು ನೋಡಿ ಒಂದು ಜಾಕೀಟು ಕೊಟ್ಟರು. ಸೀರೆಯ ಮೇಲೆ ಅದು ಹೇಗೆ ಕಾಣುತ್ತದೆ ಎಂದು ನೀವೆಲ್ಲ ನೋಡಿದ್ದೀರಿ.

ನಮ್ಮ ಇಂದು ಇಲ್ಲಿಯ ಕಾಲೇಜಿನಲ್ಲೂ ಓದಿ ಮುಗಿಸಿ ಈಗ ಒಂದು ಆಫೀಸಿನಲ್ಲಿ ಲೆಕ್ಕ ನೋಡುತ್ತಾಳೆ. ಎರಡು ವರ್ಷದ ಕೆಳಗೆ ನನ್ನ ಮೊಣಕಾಲು ಕೈಕೊಟ್ಟಾಗ ಆಸ್ಪತ್ರೆಯಿಂದ ಮುಕುಂದ ಎನ್ನುವ ಫಿಸಿಯೋಥೆರಪಿಸ್ಟ್ ಮನೆಗೆ ಬರತೊಡಗಿದರು. ಬೆಂಗಳೂರಿನವರು, ಹೆಂಡತಿಯನ್ನು ಕಳೆದುಕೊಂಡವರು. ಮೊಣಕಾಲು ವಾಸಿಯಾದ ಮೇಲೂ ಬರುತ್ತಿದ್ದರು. ಡಾಕ್ಟರೇ, ಅದು ಯಾವ ಚಿಕಿತ್ಸೆ ಎಂದು ನಾನು ಕೇಳಲಿಲ್ಲ. ಕಳೆದ ತಿಂಗಳು ಅವರು ನನ್ನ ಎದುರು ಕೂತು, ಇಂದುವನ್ನು ಮದುವೆಯಾಗಲು ನಿಮ್ಮ ಒಪ್ಪಿಗೆ ಬೇಕು ಅಂದರು. ನನ್ನನ್ನೇಕೆ ಕೇಳುತ್ತೀರಿ ಅಂದೆ. ಇಂದುವೇ ಕೇಳು ಅಂದಿದ್ದಾಳೆ ಅಂದರು.

ಬೆಳಗಾವಿಗೆ ಫೋನು ಮಾಡಿದೆವು. ಇಂದುವಿನ ತಂದೆ ಶಾಂತಪ್ಪನವರು, ಒಮ್ಮೆ ಧಾರೆ ಎರೆದುಕೊಟ್ಟಿದ್ದೇವೆ, ಇನ್ನೊಮ್ಮೆ ಬರುವುದಿಲ್ಲ ಎಂದು ಫೋನಿಟ್ಟರು. ಹಾಗಾದರೆ ಧಾರೆ ಎರೆಯುವವರು ಯಾರು? ಪಕ್ಕದಲ್ಲೇ ಇಂದು ಪಾತ್ರೆ ತೊಳೆಯುತ್ತಿದ್ದಳು. ನಾನು ಎರೆಯುತ್ತೇನೆ ಅಂದೆ. ಅವಳು ನಲ್ಲಿ ನಿಲ್ಲಿಸಿದಳು.

ಸಟನ್‌ಗೂ ಸುದ್ದಿ ಮುಟ್ಟಿತು. ಜಗದೇವಪ್ಪ ಫೋನು ಮಾಡಿ, “ಯವ್ವಾ, ನಿನಗ ಮಗಾ ಇಲ್ಲಂತ ತಿಳಕೊ,” ಅಂದ.

“ಹಂಗ್ಯಾಕ ತಿಳಕೊಳ್ಳಲಿ? ಅದಾನ. ನೀ ಊಟಕ್ಕ ಕರದ್ರ ಇವತ್ತೂ ಬರ್ತೀನಿ,” ಅಂದೆ. ಅವನು ಫೋನನ್ನು ಕೆಳಗೆ ಇಡಲಿಲ್ಲ. ಕೊನೆಗೆ ಇಟ್ಟವಳು ನಾನೇ. ಮದುವೆಯ ದಿನ ಯಾವುದೆಂದು ಅವನಿಗೂ ಹೇಳಿದ್ದೇನೆ. ಬರುತ್ತಾನೆಂದು ನಾನು ತಿಳಿದಿಲ್ಲ. ಹೇಳುವುದು ನನ್ನ ಕೆಲಸ.

ಫಲಕ ಕೊಟ್ಟ ಕೌನ್ಸಿಲ್‌ನವರಿಗೆ, ನನ್ನ ಮಾತನ್ನು ಕೂಡಿಸದೆ ಕಳೆಯದೆ ತಿಳಿಸಿದ ಮಾಳವಿಕಾ ಅವರಿಗೆ, ಗಡಿಯಾರ ನೋಡುತ್ತಲೇ ತಡೆದುಕೊಂಡ ಅಧ್ಯಕ್ಷರಿಗೆ ನನ್ನ ಧನ್ಯವಾದಗಳು. ಬರುವ ತಿಂಗಳ ಮೊದಲನೆಯ ಭಾನುವಾರ, ಇದೇ ಸಭಾಂಗಣದಲ್ಲಿ ಮದುವೆ. ಪತ್ರಿಕೆ ಅಚ್ಚು ಹಾಕಿಸಿಲ್ಲ, ಬಾಯಿಮಾತಿನಲ್ಲೇ ಹೇಳುತ್ತಿದ್ದೇನೆ. ಗಂಡಿನ ಕಡೆ ಬಹಳ ಜನ ಇದ್ದಾರೆ. ಹೆಣ್ಣಿನ ಕಡೆ ಸದ್ಯಕ್ಕೆ ನಾನೊಬ್ಬಳೇ. ಬಂದು ನನ್ನ ಪಕ್ಕದಲ್ಲಿ ನಿಲ್ಲಿ ಎಂದು ಹೆಣ್ಣಿನ ತಾಯಿಯಾಗಿ ನಿಮ್ಮನ್ನೆಲ್ಲ ಕರೆಯುತ್ತಿದ್ದೇನೆ.

ನಮಸ್ಕಾರ.