ನಡುಗೋಡೆಯ ಲೋಡು

ಊರಾಚೆಯ ಕಸದ ಗುಡ್ಡೆಯ ಗೇಟಿನಲ್ಲಿ ಬೆರಕೆ ಲೋಡನ್ನು ಒಳಗೆ ಬಿಡುವುದಿಲ್ಲ. ನನ್ನ ಮುಂದಿದ್ದ ಟೆಂಪೋದ ಮೇಲೆ ಅಣ್ಣ ತಮ್ಮ ಇಬ್ಬರು ಇಟ್ಟಿಗೆ ಚೂರುಗಳಿಂದ ಬಟ್ಟೆಯನ್ನು ಬಿಡಿಸುತ್ತಿದ್ದರು.

“ಮನೆ ಪಾಲಾದಾಗ ಕಟ್ಟಿದ ಗೋಡೆಯೊಳಗೆ ಈ ಬಟ್ಟೆ ಹೇಗೆ ಬಂತಣ್ಣ?”

“ತೂತಿಗೆ ನಾನೇ ತುರುಕಿದ್ದು.”

“ಅಮ್ಮ ನನ್ನ ಕಡೆಯಿಂದ ಕೊರೆದಿದ್ದ ತೂತಿಗಾ? ನಿನ್ನ ಮಕ್ಕಳನ್ನ ಮಾತಾಡಿಸೋಕೆ ಅವಳಿಗಿದ್ದಿದ್ದು ಅದೊಂದೇ ದಾರಿ.”

“ನಮ್ಮನೆ ವಿಷಯ ಎಲ್ಲಾ ನಿನ್ನ ಹೆಂಡ್ತಿ ಕಿವಿಗೆ ಬೀಳ್ತಿತ್ತು.”

“ಮೊಮ್ಮಕ್ಕಳೇ ಮಾತು ಬಿಟ್ರು ಅಂತ ಕೊರಗಿ ಕೊರಗಿ ಸತ್ತಳು.”

ಅಣ್ಣ ಬಟ್ಟೆಯ ಧೂಳು ಕೊಡವಿದ.

“ಅವಳಿದ್ದಾಗ್ಲೇ ಈ ಗೋಡೆ ಒಡೀಬೇಕಿತ್ತು ಕಣೋ.”

“ಮನೆ ಕೊಳ್ಳೋರು ಒಡೀರಿ ಅಂದ್ಮೇಲೆ ತಾನೆ ನಮ್ಮ ಕೈಗೆ ಸುತ್ತಿಗೆ ಬಂದಿದ್ದು?”

ಗೇಟು ತೆರೆಯಿತು. ಬಟ್ಟೆಯನ್ನು ರಸ್ತೆಯಲ್ಲೇ ಬಿಟ್ಟು ಟೆಂಪೋ ಒಳಗೆ ಹೋಯಿತು.