ಇಟಲಿಯಿಂದ ಬಾರದ ವೋಟು

ಮೋಲ್ದೋವಾದ ಕಿಶಿನೇವ್ ನಿಲ್ದಾಣದಲ್ಲಿ ಇಟಲಿ ಬಸ್ಸಿನ ಸಾಲು ಉದ್ದವಿತ್ತು. ಹಿರಿಯರ ಸಮಾಧಿಯ ಮೇಲೆ ಊಟವಿಡುವ ಹಬ್ಬಕ್ಕೆ ಬಂದವರೆಲ್ಲ ಕೆಲಸಕ್ಕೆ ಮರಳುತ್ತಿದ್ದರು. ಮುದುಕ ಹಾರಿಟೋನನಿಗೆ ಕಾಲು ನೋಯುತ್ತಿತ್ತು, ಕಿವಿ ಮಾತ್ರ ಚುರುಕಾಗಿತ್ತು. ಅವನ ಮುಂದೆ ಇಬ್ಬರು ಹೆಂಗಸರು. ಅವರಲ್ಲಿ ಹಿರಿಯಳಾದ ಪರಸ್ಕೋವಿಯಾಳ ಮಗಳು ಔರಿಕಾ, ಶನಿವಾರ ದೇಶದೇಶಗಳ ಹಾಡಿನ ಸ್ಪರ್ಧೆಯಲ್ಲಿ ಮೋಲ್ದೋವಾದ ಪರವಾಗಿ ಹಾಡಿ ಕಟ್ಟಕಡೆಗೆ ಬಂದಿದ್ದಳು.

“ಇಟಲಿಯಿಂದ ಒಂದು ಪಾಯಿಂಟೂ ಬರಲಿಲ್ವಲ್ಲ ಅಕ್ಕಾ. ಪ್ರತಿ ವರ್ಷ ಅಲ್ಲಿಂದ ನಮ್ಮೋರು ಸುರೀತಿದ್ರು.”

“ಸುರಿಯೋರೆಲ್ಲ ಹಬ್ಬಕ್ಕೆ ಊರಿಗೆ ಬಂದಿದ್ರಲ್ಲೇ, ಫೆವ್ರೋನಿಯಾ. ಅಲ್ಲೇ ಉಳೀತೀವಿ ಅಂದೋರನ್ನೂ ನಾನೇ ಎಳ್ಕೊಂಡು ಬಂದೆ, ನಮ್ಮನೇಲಿ ಎಲ್ರೂ ಒಟ್ಟಿಗೆ ಟೀವಿ ನೋಡೋಣ ಅಂತ.”

“ಇಲ್ಲಿಂದ ನಮ್ಮ ದೇಶಕ್ಕೇ ವೋಟು ಹಾಕೋ ಹಾಗಿಲ್ಲ ಅಂತ ಯಾರಿಗೂ ನೆನಪಾಗಲಿಲ್ಲ ನೋಡು.”

“ನೀವೆಲ್ಲ ವೋಟು ಹಾಕೋಕೆ ಫೋನ್ ತೆಗೆದ ಮೇಲೆ ನೆನಪಾಯ್ತು.”

“ಔರಿಕಾ ಏನಂದ್ಲು?”

“‘ಅಮ್ಮಾ, ನೀನಾದ್ರೂ ಅಲ್ಲೇ ಇರಬಾರದಿತ್ತಾ’ ಅಂದ್ಲು.”

“ನೀನು?”

“‘ನೀನು ಹಾಡೋದನ್ನ ನಮ್ಮನೇಲೇ ನೋಡ್ಬೇಕು ಅನ್ನಿಸ್ತು’ ಅಂದೆ.”

“ಸರಿಯಾಗೇ ಹೇಳಿದೆ. ಹಾಡಿದ್ದಂತೂ ಚೆನ್ನಾಗಿತ್ತು ಬಿಡು. ಆ ಕೆಂಪು ಲಂಗ ಎಷ್ಟು ಒಪ್ಪುತ್ತಿತ್ತು.”

ಪರಸ್ಕೋವಿಯಾ ಚೀಲವನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡಳು.

“ಕೆಂಪಾ?”

“ಯಾಕೆ, ನೀನು ನೋಡಲಿಲ್ವಾ?”

“ನಿಮಗೆಲ್ಲ ಪ್ಲಚಿಂತಾ ರೊಟ್ಟಿ ಬೇಯಿಸ್ತಿದ್ದೆ ಕಣೇ. ಒಲೆ ಮುಂದಿಂದ ಎದ್ದು ಬರೋ ಹೊತ್ತಿಗೆ ಹಾಡು ಮುಗಿದಿತ್ತು.”

ಡ್ರೈವರ್ ಬಾಗಿಲು ತೆಗೆದ. ಫೆವ್ರೋನಿಯಾ ಅವಳ ಚೀಲದ ಒಂದು ಹಿಡಿಕೆ ಹಿಡಿದಳು. ಇಬ್ಬರೂ ಬಸ್ ಹತ್ತಿದರು.