ಹಗುರವಾದ ಚಾಪೆ

ಸುತ್ತಿದ ಚಾಪೆ ಕಂಡೊಡನೆ ದೋಣಿ ನಡೆಸುವ ಸೆನ್ಬಿ ಹೆಣವೆಂದುಕೊಂಡು ಜಾಗ ಬಿಡಿಸಿದ. ನೈಲ್ ನದಿ ದಾಟಿ ಪಡುವಣ ಮರಳಿಗೆ ಬಡವರ ಹೆಣಗಳು ಹೋಗುವುದೇ ಹಾಗೆ. ಆದರೆ ಎತ್ತಿಕೊಂಡರೆ ಒಳಗೆ ಏನೂ ಇರಲಿಲ್ಲ. ತಂದವಳು ತಮಿತ್, ಜೊತೆಗೆ ಅವಳ ಅತ್ತೆ. ಹುಟ್ಟು ಹಾಕುತ್ತಲೇ ಅವನು ಅವರ ಮಾತು ಕೇಳಿಸಿಕೊಂಡ.

"ಖಾಲಿ ಚಾಪೆ ಹೂಳಿದ್ರೆ ಊರು ನಗುತ್ತೆ ಕಣೇ."

"ನಗಲಿ ಅತ್ತೆ."

"ನನ್ನ ಮಗನ್ನ ನೆರೆ ಕೊಚ್ಕೊಂಡು ಹೋಯ್ತು. ಹೂಳೋಕೆ ಮೈ ಎಲ್ಲಿದೆ?"

"ತನಗೆ ಕೊಟ್ಟಿದ್ದನ್ನ ಮರಳು ಕೆಡದ ಹಾಗೆ ಇಟ್ಕೊಳ್ಳುತ್ತೆ. ನರಿ ಗುಂಡಿ ಕೆದರಿದಾಗ ಮಾವನ ಕೂದಲು ಕೂಡ ಹಾಗೇ ಇತ್ತು ಅಂತ ನೀವೇ ಹೇಳಿದ್ರಿ."

"ನಾನು ಮನುಷ್ಯನ್ನ ಕೊಟ್ಟಿದ್ದೆ. ನೀನು?"

"ಅವರು ಮಲಗ್ತಿದ್ದ ಚಾಪೆ."

"ನೀರು ಇಳಿದಿದೆ. ಹೊಲದ ತುಂಬ ಹೊಸ ಕಪ್ಪು ಮಣ್ಣು. ಒಣಗೋದ್ರೊಳಗೆ ಬಿತ್ತಬೇಕು, ವಾಪಸ್ ಹೋಗೋಣ."

"ಆ ಮಣ್ಣಿಗೆ ಕಾಲಿಡೋಕಾಗಲ್ಲ ಅತ್ತೆ. ಅದ್ರಲ್ಲಿ ಅವರೂ ಸೇರಿದ್ರೆ? ಎಲ್ಲಿ ತುಳಿದುಬಿಡ್ತೀನೋ."

"ಬದುಕಿದ್ದಾಗ ಕಮ್ಮಿ ತುಳಿದಿದ್ಯಾ?"

ತಮಿತ್‌ಗೆ ನಗು ಬಂತು, ನಗು ಅಲ್ಲೇ ಅಳುವಾಯಿತು. ಅತ್ತೆ ನೀರನ್ನೇ ನೋಡುತ್ತ ಕೂತಳು. ದೋಣಿ ದಡಕ್ಕೆ ತಾಗಿದಾಗ ಎದ್ದಳು.

"ಆ ತುದಿ ನಂಗೆ ಕೊಡು. ಬೆನ್ನು ಸ್ವಲ್ಪ ಬಗ್ಗಿಸೇ. ನೋಡಿದವರು ಒಳಗೆ ಅವನಿದ್ದಾನೆ ಅಂದ್ಕೊಳ್ಳಲಿ."

ಇಬ್ಬರೂ ಭಾರ ಹೊತ್ತವರಂತೆ ಬಾಗಿ, ನಿಂತು ನಿಂತು ನಡೆಯುತ್ತ, ಕಪ್ಪು ಮಣ್ಣು ದಾಟಿ ಕೆಂಪು ಮರಳಿಗೆ ಹತ್ತಿದರು.